ಮೂರನೆಯ ಸಲ

ಕುಕ್ಕರ್ ಎರಡು ಸಲ ಕೂಗುತ್ತಲೇ ರಮಾಮಣಿ ಒಲೆ ಆರಿಸಿಬಿಟ್ಟಳು. ಮೂರು ಕೂಗಬೇಕಿತ್ತು. ಮದುವೆಯಾಗಿ ಹೊಸ ತಿಪ್ಪಸಂದ್ರದ ಈ ಮನೆಗೆ ಬಂದ ದಿನದಿಂದ ತೊಗರಿಬೇಳೆ ಮೂರು ಕೂಗಿಗೇ ಬೇಯುತ್ತ ಬಂದಿದೆ. ಅತ್ತೆ ಇದ್ದಾಗಲೂ ಅಷ್ಟೇ, ಅತ್ತೆ ಹೋದ ಮೇಲೂ ಅಷ್ಟೇ. ಈಗ ಹದಿನೆಂಟು ದಿನಗಳಿಂದ, ಮಸ್ಕತ್ತಿನಿಂದ ಬಂದಾಗಿನಿಂದ, ಅವಳ ಕೈ ಎರಡಕ್ಕೇ ಗುಂಡಿ ತಿರುಗಿಸುತ್ತಿತ್ತು. ಆರಿಸಿದ ಮೇಲೆ ನೆನಪಾಗುತ್ತಿತ್ತು. ಮತ್ತೆ ಹಚ್ಚುವುದಕ್ಕೆ ಏನೋ ಮುಜುಗರ, ಯಾರೋ ನೋಡುತ್ತಿದ್ದಾರೆ ಅನ್ನುವ ಹಾಗೆ. ಅಡುಗೆಮನೆಯಲ್ಲಿ ಯಾರು ನೋಡುತ್ತಾರೆ, ಸುಡುಗಾಡು? ಶನಿವಾರ ಆಫೀಸಿಲ್ಲದಿದ್ದರೂ ಒಂಬತ್ತಕ್ಕೇ ಊಟಕ್ಕೆ ಕೂರುವ ಗಂಡ ಅನಂತರಾಮು, ಹುಳಿಯಲ್ಲಿನ ಒಂದು ಬೇಳೆಯನ್ನು ಬೆರಳಲ್ಲಿ ಹಿಸುಕಿ ನೋಡಿದರು.

“ಏನೇ ರಮಾ, ಬೇಳೆ ಕಾಳು ಕಾಳಾಗೇ ಇದೆಯಲ್ಲೇ. ನಿನ್ನೇನೂ ಹೀಗೇ ಇತ್ತು.”

“ಹಲ್ಲು ಗಟ್ಟಿಯಾಗಿದೆಯಲ್ಲ, ಅಗೀರಿ ಸುಮ್ನೆ.”

“ಹಲ್ಲಿಗೇನಾಗಿದೆ, ಹೊಟ್ಟೆ ಕೇಳ್ಬೇಕಲ್ಲ. ನಿನ್ನ ಸ್ಕೂಲ್ ಡೇ ಮುಗಿಯೋವರ್ಗೂ ನಂಗಿದೇ ಗತಿ ಅನ್ಸತ್ತೆ.”

ಅವರು ನಕ್ಕರು. ಒಳ್ಳೆಯ ಮನುಷ್ಯ. ಮಸ್ಕತ್ತಿನಿಂದ ಬಂದ ದಿನ ಫೋನಿನಲ್ಲಿ ಅಲ್ಲಿನ ನೃತ್ಯದ ವಿಡಿಯೊ ನೋಡಿ, “ಪಾಪ, ಆ ಕಾವೇರಿ ಹೆದರ್ಕೊಂಡ್ಬಿಟ್ಳು ನೋಡೇ, ಹಂಗೇ ನಿಂತ್ಬಿಟ್ಟಿದಾಳೆ” ಎಂದಿದ್ದರು. ರಮಾಮಣಿ ಸೂಟ್‌ಕೇಸಿನಿಂದ ಸೀರೆ ತೆಗೆಯುತ್ತ “ಹೂಂ” ಎಂದಿದ್ದಳು. ಅದೊಂದು ಹೂಂ. ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬ ಶಿಷ್ಯೆ ವಿಭಾಳ ತಾಯಿ ಕೇಳಿದಾಗ ಇನ್ನೊಂದು. ಮರುದಿನ ಸ್ಟಾಫ್‌ರೂಮಿನಲ್ಲಿ ನಾಲ್ಕೈದು. ತಾನು ಯಾರಿಗೂ ಸುಳ್ಳು ಹೇಳಿಲ್ಲ, ಹೂಂ ಎಂದಿದ್ದೇನೆ ಅಷ್ಟೆ. ಹೂಂ ಎಂದದ್ದನ್ನು ಯಾವ ಕೋರ್ಟಿನಲ್ಲೂ ಸುಳ್ಳು ಅನ್ನುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಥೂ, ಇದೆಂಥ ವಕೀಲಿಕೆ ಎಂದು ತನಗೇ ಹೇಸಿಗೆಯಾಗಿ, ಬುತ್ತಿಯ ಡಬ್ಬಿಯ ಮುಚ್ಚಳ ಒತ್ತಿದಳು.

ಆಟೊ ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪಿನ ಗಾಡಿಗಳ ನಡುವೆ ಸಿಕ್ಕಿಕೊಂಡು ನಿಂತಿತು. ಇವತ್ತು ಸಂಜೆ ನಾಲ್ಕಕ್ಕೆ ಪಟ್ಟಿ ಕೊಡಬೇಕು. ಸಂಕ್ರಾಂತಿಗೆ ಸಿಂಗಾಪುರದ ಕನ್ನಡಿಗರು ಶಾಲೆಯ ಮಕ್ಕಳನ್ನು ಕರೆದಿದ್ದಾರೆ. ಹತ್ತು ಹುಡುಗಿಯರು, ಅವರಲ್ಲಿ ನಡುವೆ ನಿಂತು ಕುಣಿಯುವವಳ ಹೆಸರು ಮೊದಲು. ಆ ಮೊದಲ ಸಾಲು ಜುಲೈಯಿಂದ ಕಾವೇರಿಯದಾಗಿತ್ತು. ಈಗ ಪ್ರಿನ್ಸಿಪಾಲ್ ಪ್ರಿಯಂವದಾ ಅದನ್ನು ವಿಭಾಳಿಗೆ ಕೊಡೋಣ ಅನ್ನುತ್ತಿದ್ದಾರೆ. ರಮಾಮಣಿ ಒಂದು ವಾರದಿಂದ “ನೋಡೋಣ ಮೇಡಂ” ಅನ್ನುತ್ತಿದ್ದಾಳೆ. ನೋಡುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಆಗಸ್ಟ್ ಹದಿನೈದು, ಗಣೇಶನ ಹಬ್ಬ, ರಾಜ್ಯೋತ್ಸವ, ಮಸ್ಕತ್ತು, ಮಕ್ಕಳ ದಿನ, ಬರುವ ಶನಿವಾರ ಸ್ಕೂಲ್ ಡೇ, ಆಮೇಲೆ ಸಿಂಗಾಪುರ, ಅಲ್ಲಿಂದ ಬಂದು ಇಳಿಯುತ್ತಲೇ ಗಣರಾಜ್ಯೋತ್ಸವ. ಎದುರುಮನೆಯವರು ಮಾತಾಡಿಸಿದರೆ “ಉಸಿರಾಡಕ್ಕೂ ಟೈಮಿಲ್ಲ ಕಣ್ರೀ” ಅನ್ನುತ್ತಿದ್ದಳು. ಹಾಗನ್ನುವಾಗ ಒಂದು ಜಂಬವೂ ಇರುತ್ತಿತ್ತು. ಈಗೀಗ ಜಂಬ ಹೋಗಿ ಆ ಮಾತು ಬಚ್ಚಿಟ್ಟುಕೊಳ್ಳುವುದಕ್ಕೆ ಒಂದು ಮೂಲೆಯಾಗಿತ್ತು. ಪುರುಸೊತ್ತಿಲ್ಲದವಳನ್ನು ಯಾರು ಏನು ಕೇಳುತ್ತಾರೆ! ಸೊಪ್ಪಿನವಳು ಆಟೊದೊಳಕ್ಕೇ ಮೆಂತ್ಯದ ಕಟ್ಟು ಚಾಚಿದಳು. ಬೇಡವೆಂದು ಕೈಯಾಡಿಸುವಾಗ, ಆ ಮಸ್ಕತ್ತಿನ ಸಭಾಂಗಣದ ಏಸಿಯ ಚಳಿ ಅವಳ ತೋಳಿಗೆ ಮತ್ತೆ ತಗುಲಿದಂತಾಯಿತು.

ಅಲ್ಲಿನ ಕನ್ನಡಿಗರ ಕಾರ್ಯಕ್ರಮದಲ್ಲಿ ಮೊದಲಿಂದಲೂ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ನಿರೂಪಣೆಯ ಹೆಂಗಸು ಅವಳನ್ನು ರಮಾದೇವಿ ಎಂದಳು. ಶಾಲು ಪ್ರಿಯಂವದಾ ಅವರಿಗೆ ಹೋಯಿತು, ಇವಳ ಕೈಗೆ ಬಂದದ್ದು ಪ್ಲಾಸ್ಟಿಕ್ ಸುತ್ತಿದ ಒಂದು ಗುಲಾಬಿ. ವೇದಿಕೆಯ ಬದಿಯಲ್ಲಿ ಚಾಪೆಯ ಮೇಲೆ, ಮೃದಂಗದ ರಾಮಯ್ಯನವರ ಪಕ್ಕದಲ್ಲಿ ನಟ್ಟುವಾಂಗದ ತಾಳ ಹಿಡಿದು ಕೂತಿದ್ದವಳ ಬಳಿ ಯಾರೋ ಬಗ್ಗಿ, “ಆಂಟಿ, ಸ್ವಲ್ಪ ಆ ಕಡೆ ಸರೀತೀರಾ, ಬ್ಯಾನರ್ ಮುಚ್ಚತ್ತೆ” ಎಂದರು. ಅವಳು ಸರಿದಳು. ಸರಿದು ಸರಿದು ಅರ್ಧ ಮೈ ಪರದೆಯ ಹಿಂದಾಯಿತು. ಮೂವತ್ತು ವರ್ಷ ಮಕ್ಕಳಿಗೆ ಭರತನಾಟ್ಯ ಕಲಿಸಿದವಳು ಬ್ಯಾನರಿಗೆ ಅಡ್ಡ! ಮೊದಲಿಗೆ ಕಾವೇರಿಯೊಬ್ಬಳೇ ನಡುವೆ ಬಂದು ನಿಂತಳು, ಅರೆಮಂಡಿಗೆ ಇಳಿದಳು, ರಮಾಮಣಿ ಜತಿ ಹೇಳತೊಡಗಿದಳು. ಬಾಯಿ ಜತಿ ಹೇಳುತ್ತಿದ್ದರೆ ಮನಸ್ಸು ಆಂಟಿ, ರಮಾದೇವಿ, ಆಂಟಿ ಅನ್ನುತ್ತಿತ್ತು. ಜತಿ ಮುಗಿಯುವಾಗ ತದಿಗಿಣತೊಂ ಎಂಬುದನ್ನು ಮೂರು ಸಲ ಹೇಳಬೇಕು. ಮೂರನೆಯದು ಮುಗಿದ ಮೇಲೆ ಇವಳು ತಲೆಯಾಡಿಸಬೇಕು, ಆಗ ಲ್ಯಾಪ್‌ಟಾಪಿನವರು ಹಾಡು ಹಾಕಬೇಕು. ಕಲಿಯಲು ಬಂದ ಎರಡನೇ ತಿಂಗಳಿಗೇ ಮಕ್ಕಳಿಗೆ ಬರುವ ಲೆಕ್ಕ ಅದು. ಅವಳು ಎರಡು ಸಲ ಹೇಳಿ ತಲೆಯಾಡಿಸಿದಳು.

ಹಾಡು ಶುರುವಾಯಿತು. ರೆಕಾರ್ಡಿನ ಹಾಡು, ಅದು ಯಾರಿಗೂ ಕಾಯುವುದಿಲ್ಲ. ಕಾವೇರಿಯ ಕಾಲು ಮಾತ್ರ ಮೂರನೆಯದನ್ನು ತುಳಿಯುತ್ತಿತ್ತು, ಯಾಕೆಂದರೆ ಅದು ತುಳಿಯಬೇಕಾದದ್ದು. ನಡುವೆ ಒಂದು ಕಾಲು ಮೇಲೆತ್ತಿದ್ದ ಹಾಗೇ ನಿಂತಳು. ಪರದೆಯ ಕಡೆ ತಿರುಗಿ ನೋಡಿದಳು. ಮುಂದಿನ ಸಾಲು ಬರುವತನಕ ಏಳು ಸೆಕೆಂಡು. ವಿಡಿಯೊದಲ್ಲಿ ರಮಾಮಣಿ ಎಷ್ಟು ಸಲ ಎಣಿಸಿಲ್ಲ! ಆ ಏಳು ಸೆಕೆಂಡು ನೋಡಿದವರಿಗೆಲ್ಲ ಕಾಣುವುದು ಒಂದೇ: ಹಾಡು ಬಂದರೂ ಗೊತ್ತಾಗದೆ ಕಕ್ಕಾಬಿಕ್ಕಿಯಾದ ಹುಡುಗಿ. ಪರದೆಯ ಹಿಂದಿದ್ದವಳು ವಿಡಿಯೊದಲ್ಲಿ ಇಲ್ಲವೇ ಇಲ್ಲ.

ಇಷ್ಟೇ ಆಗಿದ್ದರೆ ಬದುಕಿಕೊಳ್ಳಬಹುದಿತ್ತು. ಕಾರ್ಯಕ್ರಮ ಮುಗಿದ ಮೇಲೆ, ಮಕ್ಕಳೆಲ್ಲ ಬಣ್ಣ ಒರೆಸಿಕೊಳ್ಳುತ್ತಿದ್ದ ಕೋಣೆಯಲ್ಲಿ ಕಾವೇರಿ ಗೆಜ್ಜೆ ಬಿಚ್ಚದೆ ಅವಳ ಮುಂದೆ ಬಂದು ನಿಂತಿದ್ದಳು. ಕುಣಿತದಲ್ಲಿ ತಪ್ಪಿದವರು ನೆಲ ಮುಟ್ಟಿ, ಗುರುವಿನ ಕಾಲು ಮುಟ್ಟಿ ತಪ್ಪೊಪ್ಪಿಕೊಳ್ಳಬೇಕು; ತರಗತಿಯ ಮೊದಲ ದಿನವೇ ಇವಳು ಕಲಿಸುವ ಪಾಠ. ಹುಡುಗಿ ಬಗ್ಗಿ ನೆಲ ಮುಟ್ಟಿದಳು, ಕಾಲು ಮುಟ್ಟಿದಳು, “ತಪ್ಪಾಯ್ತು ಮಿಸ್” ಎಂದಳು. ಎಂದವಳು ಕೂಡಲೇ ಏಳಲಿಲ್ಲ. ಬಗ್ಗಿದಲ್ಲೇ ತಲೆಯೆತ್ತಿ ಮುಖ ನೋಡಿದಳು. ರಮಾಮಣಿ ಅವಳ ತಲೆಯ ಮೇಲೆ ಕೈಯಿಟ್ಟು, “ಇರ್ಲಿ ಬಿಡು, ಮುಂದೆ ಹುಷಾರಾಗಿರು” ಎಂದಳು. ಇರಲಿ ಬಿಡು ಎಂದಷ್ಟಕ್ಕೇ ನಿಲ್ಲಿಸಬಾರದಿತ್ತೇ? ಹುಷಾರಾಗಿರು ಎಂದು ಬೇರೆ ಹೇಳಬೇಕಿತ್ತೇ ಈ ಬಾಯಿ? ಆಟೊದವನು ಕನ್ನಡಿಯಲ್ಲಿ ನೋಡಿ “ಏನಮ್ಮಾ?” ಎಂದ. ತಾನು ಗಟ್ಟಿಯಾಗಿಯೇ ಏನೋ ಅಂದಿರಬೇಕು. “ಏನಿಲ್ಲಪ್ಪ, ಇಲ್ಲೇ ಎಡಕ್ಕೆ” ಎಂದಳು.

ಇಂದಿರಾನಗರದ ಶಾಲೆಯ ಅಂಗಳದಲ್ಲಿ ಆಗಲೇ ಗದ್ದಲ ಎದ್ದಿತ್ತು. ಒಂದು ಕಡೆ ಮೂರನೇ ಕ್ಲಾಸಿನ ಮಕ್ಕಳು ರಟ್ಟಿನ ಮರಗಳನ್ನು ಹೊತ್ತು ನಿಂತಿದ್ದವು, ಇನ್ನೊಂದು ಕಡೆ ಪಿ.ಟಿ. ಮಾಸ್ಟರು ನಾಲ್ಕು ಸ್ಪೀಕರುಗಳಿಗೆ ತಂತಿ ಸಿಗಿಸುತ್ತಿದ್ದರು. ವೇದಿಕೆಯ ಮೇಲೆ ಕಾವೇರಿ ವಿಭಾಳಿಗೆ ಪಾಠ ಹೇಳಿಕೊಡುತ್ತಿದ್ದಳು. ಯಾರೂ ಹೇಳಿದ್ದಲ್ಲ, ವಿಭಾಳೇ ಕೇಳಿದ್ದಳಂತೆ. “ಕೈ ನೋಡ್ಬೇಡ ಕಣೆ, ಕಣ್ಣು ಕೈ ಹಿಂದೆ ತಾನಾಗೇ ಹೋಗತ್ತೆ,” ಅನ್ನುತ್ತಿದ್ದಳು ಕಾವೇರಿ. ತನ್ನ ಜಾಗವನ್ನು ಹೀಗೆ ತೊಳೆದು ಒರೆಸಿ ಇನ್ನೊಬ್ಬಳ ಕೈಗೆ ಕೊಡುವ ಹದಿನಾಲ್ಕು ವರ್ಷದ ಹುಡುಗಿ! ಒಂದು ಸಲ ಅತ್ತಿದ್ದರೆ, ಮುಖ ಊದಿಸಿಕೊಂಡಿದ್ದರೆ, ಹಿಂದಿನಿಂದ ಯಾರ ಹತ್ತಿರವಾದರೂ ಆಡಿಕೊಂಡಿದ್ದರೆ ರಮಾಮಣಿಗೆ ಒಂದಿಷ್ಟು ಸಿಟ್ಟಾದರೂ ಬರುತ್ತಿತ್ತು, ಆ ಸಿಟ್ಟನ್ನು ಹಿಡಿದುಕೊಂಡು ದಿನ ತಳ್ಳಬಹುದಿತ್ತು. ಇವಳು ಎಂದಿನಂತೆ “ಗುಡ್ ಮಾರ್ನಿಂಗ್ ಮಿಸ್” ಎಂದು ಬಂದು ನೆಲ ಮುಟ್ಟಿದಳು, ಕಾಲು ಮುಟ್ಟಿದಳು, ಸ್ಕೂಲ್ ಡೇಗೆಂದು ಪ್ರಿಯಂವದಾ ಆಗಲೇ ಗೊತ್ತುಮಾಡಿದ್ದ ಮೂರನೇ ಸಾಲಿನ ತುದಿಗೆ ಹೋಗಿ ನಿಂತಳು.

ವೇದಿಕೆಯ ಬದಿಯಲ್ಲಿದ್ದ ನಟರಾಜನ ವಿಗ್ರಹಕ್ಕೆ ಮಾತ್ರ ಕೈ ಮುಗಿಯಲಿಲ್ಲ. ಅದು ಮೂರು ವರ್ಷದ ಹಿಂದೆ ಅವಳು ಸೇರಿದ ದಿನವೇ ಆದ ಒಪ್ಪಂದ. “ಮಿಸ್, ನಮ್ಮನೇಲಿ ಬುದ್ಧನ್ನ ಬಿಟ್ರೆ ಬೇರೆ ದೇವ್ರಿಗೆ ಕೈ ಮುಗಿಯಲ್ಲ. ನಾನು ನೆಲಕ್ಕೆ ಮತ್ತೆ ನಿಮಗೆ ಮಾಡ್ಲಾ?” ಎಂದು ಕೇಳಿದ್ದಳು, ಹನ್ನೊಂದು ವರ್ಷದವಳು, ಎಲ್ಲರೆದುರು. ಸ್ಟಾಫ್‌ರೂಮು ಹುಬ್ಬೇರಿಸಿತ್ತು. ರಮಾಮಣಿ “ಅದಕ್ಕೇನು ಪುಟ್ಟಿ, ಹಾಗೇ ಮಾಡು” ಎಂದಿದ್ದಳು. ಆಮೇಲೆ ಇಂಥ ಮನೆಯ ಹುಡುಗಿಯನ್ನು ನಡುವೆ ನಿಲ್ಲಿಸಿದಾಗ ಇಬ್ಬರು ಮೂವರು “ನಿಮ್ಮದು ಬಿಡಿ ಮೇಡಂ, ದೊಡ್ಡ ಮನಸ್ಸು” ಎಂದಿದ್ದರು. ಆ ಮಾತು ಎಷ್ಟು ಹಿತವಾಗಿತ್ತು! ಮನೆಗೆ ಹೋಗಿ ಅನಂತರಾಮುವಿಗೂ ಹೇಳಿದ್ದಳು. ಹುಡುಗಿ ಚೆನ್ನಾಗಿ ಕುಣಿಯುತ್ತಾಳೆ, ಅದಕ್ಕೇ ನಡುವೆ ನಿಲ್ಲಿಸಿದೆ ಅನ್ನುವ ಸಾದಾ ಮಾತು ಅವತ್ತು ಬಾಯಿಗೆ ಬರಲಿಲ್ಲ. ಉಳಿದ ಮಕ್ಕಳ ನಮಸ್ಕಾರ ನಟರಾಜನಿಗೆ, ದಾರಿಯಲ್ಲಿ ಇವಳಿಗೊಂದು ಪಾಲು. ಕಾವೇರಿಯ ನಮಸ್ಕಾರದಲ್ಲಿ ದೇವರಿರಲಿಲ್ಲ, ಇದ್ದದ್ದು ತಾನೊಬ್ಬಳೇ. ಅದನ್ನು ಮಸ್ಕತ್ತಿನಲ್ಲಿ ಕೈಚಾಚಿ ಇಸಿದುಕೊಂಡದ್ದೂ ತಾನೇ.

ಹನ್ನೊಂದೂವರೆಗೆ ಟೀ ಬಂತು. ರಾಮಯ್ಯ ಹಲಸೂರಿನವರು, ಎಪ್ಪತ್ತರ ಹತ್ತಿರ, ಮಾತು ಕಡಿಮೆ. ಮೃದಂಗಕ್ಕೆ ಬಟ್ಟೆ ಹೊದಿಸಿ, ಲೋಟ ಎರಡು ಕೈಯಲ್ಲಿ ಹಿಡಿದು, ಅವಳ ಕಡೆ ನೋಡದೆ ಕೇಳಿದರು.

“ಏನಮ್ಮಾ, ಆ ಹುಡ್ಗಿನ ಸಿಂಗಾಪುರಕ್ಕೆ ಬಿಡ್ತಿದೀರಂತೆ?”

“ಇನ್ನೂ ನಿರ್ಧಾರ ಆಗಿಲ್ಲ ರಾಮಯ್ಯನವ್ರೇ.”

“ನಾನು ಮೂರನೇದಕ್ಕೆ ಕೈ ಎತ್ತಿದ್ದೆ ಕಣಮ್ಮ. ನೀವು ಬಿಟ್ರಿ. ಎತ್ತಿದ ಕೈನ ಹಂಗೇ ತೊಡೆ ಮೇಲೆ ಇಟ್ಕೊಂಡೆ.”

ರಮಾಮಣಿ ಅವರ ಕಡೆ ತಿರುಗಿದಳು. ಅಂದರೆ ಇವರಿಗೆ ಗೊತ್ತಿತ್ತು. ಹದಿನೆಂಟು ದಿನ ಎದುರಿಗೇ ಕೂತು ಗೊತ್ತಿಟ್ಟುಕೊಂಡೇ ನುಡಿಸಿದ್ದಾರೆ. “ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ನೀವು?” ಎಂದಳು, ತಪ್ಪೆಲ್ಲ ಅವರದೇ ಅನ್ನುವ ಧ್ವನಿಯಲ್ಲಿ.

“ನೀವೇ ಹೇಳ್ತೀರ ಅಂದ್ಕೊಂಡೆ. ನಟ್ಟುವಾಂಗ ಎತ್ಲಾಗೆ ಹೋಗತ್ತೋ ಮೃದಂಗ ಅದ್ರ ಹಿಂದೆ ಹೋಗ್ಬೇಕು, ನಂಗೆ ಕಲ್ಸಿರೋದು ಅಷ್ಟೇ.” ಲೋಟ ಕೆಳಗಿಟ್ಟರು. “ಆ ಕೂಸು ಹಿಂದೆ ಬರ್ಲಿಲ್ಲ ನೋಡಿ. ಲೆಕ್ಕ ಬಿಡ್ಲಿಲ್ಲ.”

ಅದೇ, ಅದೇ ಅವಳನ್ನು ಚುಚ್ಚುತ್ತಿದ್ದದ್ದು. ಅವತ್ತು ನಡುವೆ ಇದ್ದವಳು ವಿಭಾ ಆಗಿದ್ದರೆ? ವಿಭಾಳ ತಾಯಿ ಮುಂದಿನ ಸಾಲಿನಲ್ಲಿರುತ್ತಿದ್ದಳು, ಅವಳ ಅಜ್ಜಿ ಸಂಗೀತ ಬಲ್ಲವರು, ರಾತ್ರಿಯೇ ಫೋನು ಬರುತ್ತಿತ್ತು: ಏನು ರಮಾಮಣಿ, ನೀವು ಎರಡೇ ಸಲ ಹೇಳಿದಿರಲ್ಲ. ಆಗ ತಾನು ನಕ್ಕುಬಿಟ್ಟು “ಅಯ್ಯೋ ಹೌದು ಕಣ್ರೀ, ನನ್ನ ತಲೆ ನೆಟ್ಟಗಿರ್ಲಿಲ್ಲ” ಎನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಕಾವೇರಿಯ ಮನೆಯಲ್ಲಿ ಎಣಿಸಿ ಕೇಳುವವರಿಲ್ಲ. ಅದು ಗೊತ್ತಿದ್ದೇ ಸುಮ್ಮನಾದೆನೋ? ಇಲ್ಲ ಇಲ್ಲ, ಹಾಗೆಲ್ಲ ಯೋಚಿಸಿದವಳಲ್ಲ ತಾನು, ದೊಡ್ಡ ಮನಸ್ಸಿನವಳು ತಾನು. ಲೋಟದಲ್ಲಿ ಉಳಿದ ಟೀಯ ಮೇಲೆ ಕೆನೆ ಕಟ್ಟಿತ್ತು. ಅದನ್ನೇ ನೋಡುತ್ತ ಬೆಲ್ಲಾಗುವವರೆಗೆ ಕೂತಿದ್ದಳು.

ಮೂರು ಗಂಟೆಗೆ ಕಾವೇರಿಯ ತಾಯಿ ಭಾಗ್ಯಲಕ್ಷ್ಮಿ ಬಂದರು. ಪ್ರಿಯಂವದಾ ಅವರೇ ಕರೆಸಿದ್ದು. ಹುಡುಗಿಯನ್ನು ಬದಲಾಯಿಸುವ ಮುಂಚೆ ಪೋಷಕರಿಗೆ ಹೇಳಿದಂತಾಗಬೇಕು, ನೃತ್ಯದ ಟೀಚರೂ ಪಕ್ಕದಲ್ಲಿರಬೇಕು. ಭಾಗ್ಯಲಕ್ಷ್ಮಿ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು. ಡ್ಯೂಟಿ ಮುಗಿಸಿ ಕೆ.ಆರ್. ಪುರದಿಂದ ಮೆಟ್ರೊದಲ್ಲಿ ನಿಂತುಕೊಂಡೇ ಬಂದಿದ್ದರು, ಮುಖ ಬಾಡಿತ್ತು. ಕುರ್ಚಿಯ ತುದಿಯಲ್ಲಿ ಕೂತರು. ಕಾವೇರಿ ಬಾಗಿಲ ಬಳಿ ಗೆಜ್ಜೆಯ ಕಾಲಲ್ಲಿ ಸದ್ದಾಗದಂತೆ ನಿಂತಿದ್ದಳು. ಪ್ರಿಯಂವದಾ ಮಾತು ಶುರು ಮಾಡುವಷ್ಟರಲ್ಲಿ ಭಾಗ್ಯಲಕ್ಷ್ಮಿಯೇ ಕೈ ಮುಗಿದರು.

“ಮೇಡಂ, ಮಸ್ಕತ್ ವಿಷ್ಯ ಅಂತ ಗೊತ್ತು ನಂಗೆ. ಅವಳ ಪರವಾಗಿ ನಾನು ಸಾರಿ ಕೇಳ್ತೀನಿ. ಅವರಪ್ಪ ಮೊದ್ಲೇ ಅಂದಿದ್ರು, ಈ ಡ್ಯಾನ್ಸು ನಮ್ಮೋರ್ದಲ್ಲ, ಸುಮ್ನೆ ಯಾಕೆ ಅಂತ. ನಾನೇ ಹಠ ಮಾಡಿ ಸೇರ್ಸಿದ್ದು. ನಮ್ಮ ವಾರ್ಡಲ್ಲಿ ಇಂಜೆಕ್ಷನ್ ಹೆಚ್ಚುಕಮ್ಮಿ ಆದ್ರೆ, ಯಾರು ಕೊಟ್ರೋ ಅವ್ರೇ ಪುಸ್ತಕದಲ್ಲಿ ಬರ್ದು ಸೈನ್ ಹಾಕ್ಬೇಕು ಮೇಡಂ. ಅವಳಿಗೂ ಅದನ್ನೇ ಹೇಳಿದೀನಿ, ತಪ್ಪು ಮಾಡಿದ್ಮೇಲೆ ಒಪ್ಕೋಬೇಕು ಅಂತ. ಒಂದು ಚಾನ್ಸ್ ಕೊಡಿ. ದಿನಾ ಊಟ ಮಾಡ್ತಾನೂ ಮೇಜು ಕುಟ್ಕೊಂಡು ಎಣಿಸ್ತಾಳೆ, ಎಲ್ಲಿ ತಪ್ಪಾಯ್ತು ಅಂತ.”

ರಮಾಮಣಿ ಭಾಗ್ಯಲಕ್ಷ್ಮಿಯ ಮುಗಿದ ಕೈಗಳನ್ನು ನೋಡಿದಳು. ಈಗ ಹೇಳದಿದ್ದರೆ ಇನ್ನು ಈ ಜನ್ಮದಲ್ಲಿ ಹೇಳುವುದಿಲ್ಲ ಅನ್ನಿಸಿತು.

“ತಪ್ಪು ಅವಳದಲ್ಲ,” ಎಂದಳು. “ನಂದು. ತಪ್ಪು ನಂದು.”

ಪ್ರಿಯಂವದಾ ಅವರ ಮುಖ ನಿಧಾನವಾಗಿ ಅರಳಿತು. ಕಣ್ಣು ತೇವವಾದದ್ದೂ ನಿಜ.

“ನೋಡಿದ್ರಾ ಭಾಗ್ಯಲಕ್ಷ್ಮಿ ಅವ್ರೇ? ಗುರುಗಳು ಅಂದ್ರೆ ಇದು. ಶಿಷ್ಯರು ಎಡವಿದ್ರೂ ತಮ್ಮ ಮೇಲೇ ಹಾಕ್ಕೋತಾರೆ. ಈ ಕಾಲದಲ್ಲಿ ಎಲ್ಲಿ ಸಿಗತ್ತೆ ಹೇಳಿ ಇದು?”

“ಇಲ್ಲ ಮೇಡಂ, ನಿಜವಾಗ್ಲೂ ನಾನೇ...” ಅನ್ನುವಷ್ಟರಲ್ಲಿ ಭಾಗ್ಯಲಕ್ಷ್ಮಿ ಎದ್ದು ಬಂದು ಬಗ್ಗಿ ಅವಳ ಕಾಲು ಮುಟ್ಟಿಬಿಟ್ಟರು. ನಲವತ್ತರ ಹೆಂಗಸು, ಇಡೀ ಬೆಳಿಗ್ಗೆ ರೋಗಿಗಳ ಹಾಸಿಗೆ ಬದಲಿಸಿ ಬಂದ ಕೈ. ರಮಾಮಣಿ ಬೆಂಕಿ ತಾಗಿದವಳಂತೆ ಕಾಲು ಎಳೆದುಕೊಂಡಳು. ಎಳೆದುಕೊಂಡದ್ದೂ ಅವರಿಗೆ ವಿನಯವಾಗಿಯೇ ಕಂಡಿತು. ಎಂಥ ಉರುಳು ಇದು! ನಿಜ ಹೇಳಿದರೂ ಇನ್ನಷ್ಟು ಎತ್ತರಕ್ಕೆ ಕೂರಿಸುತ್ತಾರಲ್ಲ! ದಿಕ್ಕು ತೋಚದೆ ಬಾಗಿಲ ಕಡೆ ತಿರುಗಿದಳು.

“ಕಾವೇರಿ, ನೀನೇ ಹೇಳು. ಅವತ್ತು ನಾನು ತದಿಗಿಣತೊಂ ಎಷ್ಟು ಸಲ ಹೇಳ್ದೆ?”

ಹುಡುಗಿ ಅವಳ ಮುಖವನ್ನೇ ನೋಡಿದಳು. ಮಸ್ಕತ್ತಿನ ಆ ಕೋಣೆಯಲ್ಲಿ ಬಗ್ಗಿದಲ್ಲಿಂದ ನೋಡಿದ ಅದೇ ನೋಟ, ಈಗ ನಿಂತು ನೋಡುತ್ತಿದ್ದಳು.

“ಮೂರು ಮಿಸ್,” ಎಂದಳು.

ತಾಯಿ ನಿಟ್ಟುಸಿರು ಬಿಟ್ಟರು. ಪ್ರಿಯಂವದಾ ಮೃದುವಾಗಿಯೇ, ಸಿಂಗಾಪುರ ದೊಡ್ಡ ವೇದಿಕೆ, ಮಗು ಮೇಲೆ ಪ್ರೆಶರ್ ಬೇಡ, ಸದ್ಯಕ್ಕೆ ವಿಭಾ ಇರಲಿ, ಮುಂದಿನ ವರ್ಷ ಖಂಡಿತ ಎಂದೆಲ್ಲ ಹೇಳಿ, ಪಟ್ಟಿಯ ಹಾಳೆಯನ್ನು ರಮಾಮಣಿಯ ಕೈಗೆ ಕೊಟ್ಟರು. ಮೊದಲ ಸಾಲು ಖಾಲಿ ಇತ್ತು. “ನೀವೇ ಬರೀರಿ ಮೇಡಂ, ನಿಮ್ಮ ಕೈಯಲ್ಲೇ ಇರ್ಲಿ. ನಾಲ್ಕಕ್ಕೆ ಕೊಟ್ರೆ ಆಯ್ತು.” ರಮಾಮಣಿ ಹಾಳೆ ಮಡಿಸಿಕೊಂಡು ಹೊರಗೆ ಬಂದಳು. ಮೂರು ಎಂದಳಲ್ಲ. ತನ್ನನ್ನು ಉಳಿಸಲಿಕ್ಕೆ ಎಂದಳೋ, ನಿಮ್ಮ ಸತ್ಯ ಈಗ ನನಗೆ ಬೇಡ ಎಂದಳೋ? ಎರಡೂ ಒಂದೇ ಥರ ಕೇಳುತ್ತಿತ್ತು.

ಮೂರೂವರೆಗೆ ಕೊನೆಯ ತಾಲೀಮು. ಇಪ್ಪತ್ತನಾಲ್ಕು ಹುಡುಗಿಯರು ಮೂರು ಸಾಲಾಗಿ ನಿಂತರು, ನಡುವೆ ವಿಭಾ, ಹಿಂದೆ ಮೂಲೆಯಲ್ಲಿ ಕಾವೇರಿ. ಪ್ರಿಯಂವದಾ ಅಂಗಳದ ಹಿಂಭಾಗದಲ್ಲಿ ಕೈಯಲ್ಲಿ ಮೈಕು ಹಿಡಿದು ನಿಂತಿದ್ದರು. ಭಾಗ್ಯಲಕ್ಷ್ಮಿ ಮಗಳ ಜೊತೆಯಲ್ಲೇ ಮನೆಗೆ ಹೋಗೋಣವೆಂದು ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ರಮಾಮಣಿ ಚಾಪೆಯ ಮೇಲೆ ಕೂತು ಪಟ್ಟಿಯನ್ನು ಪಕ್ಕದಲ್ಲಿಟ್ಟು, ಅದು ಹಾರದಂತೆ ಪೆನ್ನು ಇಟ್ಟಳು. ಅವಳ ಮುಂದೆ ಗಿಡ್ಡ ಕಾಲಿನ ಮೈಕು. ತಾಳ ತಟ್ಟಿದಳು, ಜತಿ ಹೇಳತೊಡಗಿದಳು. ಧ್ವನಿ ಚೆನ್ನಾಗಿಯೇ ಹೊರಟಿತು, ನಾಲ್ಕು ಸ್ಪೀಕರುಗಳಿಂದ ಅಂಗಳ ತುಂಬಿತು. ಎದುರುಮನೆಯ ಮಹಡಿಯಲ್ಲಿ ಯಾರೋ ಒಣಗಿದ ಬಟ್ಟೆ ತೆಗೆಯುತ್ತ ನಿಂತು ನೋಡು‌ತ್ತಿದ್ದರು. ಎಲ್ಲ ಸರಿಯಾಗಿದೆ, ಹೀಗೇ ಮುಗಿದುಹೋಗುತ್ತದೆ, ಮಕ್ಕಳು ದೊಡ್ಡವರಾಗುತ್ತಾರೆ, ಮರೆಯುತ್ತಾರೆ. ತದಿಗಿಣತೊಂ. ತದಿಗಿಣತೊಂ.

ನಾಲಿಗೆ ನಿಂತಿತು. ಬೇಕೆಂದೇ ನಿಲ್ಲಿಸಿದಳೋ, ಕುಕ್ಕರಿನ ಗುಂಡಿ ತಿರುಗಿಸಿದ ಕೈಯಂತೆ ತಾನಾಗಿಯೇ ನಿಂತಿತೋ, ಆಮೇಲೆ ಎಷ್ಟು ಕೇಳಿಕೊಂಡರೂ ಅವಳಿಗೆ ಗೊತ್ತಾಗಲಿಲ್ಲ. ತಲೆ ಆಡಿತು. ಪಿ.ಟಿ. ಮಾಸ್ಟರು ಹಾಡು ಹಾಕಿದರು. ವಿಭಾ ಹಾಡು ಕೇಳಿದ ಕೂಡಲೇ ಕಾಲು ನಿಲ್ಲಿಸಿ ಕೈಯೆತ್ತಿದಳು, ಅವಳನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಹಿಂದಿನವರು. ಇಪ್ಪತ್ತಮೂರು ಮಕ್ಕಳು ಟೀಚರು ಹೋದ ದಾರಿಯಲ್ಲೇ ಹೋದರು. ಮೂರನೇ ಸಾಲಿನ ತುದಿಯಲ್ಲಿ ಎರಡು ಕಾಲು ಮಾತ್ರ ಮೂರನೆಯದನ್ನು ತುಳಿದವು. ಹಾಡಿನ ನಡುವೆಯೂ ಗೆಜ್ಜೆ ಸ್ಪಷ್ಟವಾಗಿ ಕೇಳಿಸಿತು. ತುಳಿದು, ನಿಂತವು.

“ಕಾವೇರೀ!” ಪ್ರಿಯಂವದಾ ಅವರ ಧ್ವನಿ ಹಿಂದಿನಿಂದ ಬಂತು. “ಹಾಡು ನಿಲ್ಸಿ ಮಾಸ್ಟ್ರೇ. ಮತ್ತೆ ನೀನೇನಾ? ಎಲ್ರದ್ದೂ ಒಂದು ದಾರಿಯಾದ್ರೆ ನಿಂದೇ ಒಂದು ದಾರಿಯಾ?”

ಭಾಗ್ಯಲಕ್ಷ್ಮಿ ಎದ್ದು ನಿಂತರು, ಏನು ಮಾಡಬೇಕೋ ತಿಳಿಯದೆ ಮತ್ತೆ ಕೂತರು. ಕಾವೇರಿ ಸಾಲುಗಳ ನಡುವೆ ನಡೆದು ಬಂದಳು. ಯಾರೂ ಹೇಳಬೇಕಿರಲಿಲ್ಲ; ತಪ್ಪಿದವರು ಮುಂದೆ ಬಂದು ನೆಲ ಮುಟ್ಟಬೇಕು, ಗುರುವಿನ ಕಾಲು ಮುಟ್ಟಬೇಕು. ರಮಾಮಣಿಯ ಮುಂದೆ ಬಂದು ಬಗ್ಗಿದಳು. ಅವಳ ಕೈ ನೆಲಕ್ಕೆ ಇನ್ನೂ ಗೇಣು ದೂರ ಇರುವಾಗ ರಮಾಮಣಿ ತಾಳ ಬಿಟ್ಟು ಆ ಮಣಿಕಟ್ಟು ಹಿಡಿದುಕೊಂಡಳು. ತಾಳ ಠಣ್ಣೆಂದು ಮೈಕಿನ ಮುಂದೆ ಬಿತ್ತು.

“ಅವಳದ್ದು ಸರಿ ಇದೆ,” ಎಂದಳು. ತನ್ನ ಧ್ವನಿ ನಾಲ್ಕು ಕಡೆಯಿಂದ ತನಗೇ ಬಂದು ಬಡಿಯಿತು. “ಮೂರು ಸಲ ಹೇಳ್ಬೇಕಾಗಿತ್ತು. ನಾನು ಎರಡೇ ಸಲ ಹೇಳ್ದೆ. ಮಸ್ಕತ್ತಲ್ಲೂ ನಾನು ಎರಡೇ ಸಲ ಹೇಳಿದ್ದು. ಇದ್ರಲ್ಲಿ ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಅವಳು ನನ್ನ ಕಾಲ್ಮುಟ್ಟಿ ತಪ್ಪಾಯ್ತು ಅಂದ್ಳು, ನಾನು ಸುಮ್ನೆ ಮುಟ್ಟಿಸ್ಕೊಂಡೆ. ಬೇಕಾದ್ರೆ ರಾಮಯ್ಯನವ್ರನ್ನ ಕೇಳಿ.”

ರಾಮಯ್ಯ ತೊಡೆಯ ಮೇಲಿದ್ದ ಕೈ ಎತ್ತಿ, ಆ ಮೂರನೆಯದನ್ನು ಒಂದೇ ಒಂದು ಸಲ ನುಡಿಸಿ, ಕೈ ಮತ್ತೆ ತೊಡೆಯ ಮೇಲಿಟ್ಟುಕೊಂಡರು.

ಅಂಗಳದಲ್ಲಿ ರಟ್ಟಿನ ಮರಗಳ ಹಿಂದಿದ್ದ ಸಣ್ಣ ಮಕ್ಕಳೂ ಇಣುಕುತ್ತಿದ್ದವು. ಹಿಂದೆ ಭಾಗ್ಯಲಕ್ಷ್ಮಿ ನಿಂತಿದ್ದರು. ಈ ಸಲ ಕೂರಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ರಮಾಮಣಿ ಅವರ ಕಡೆ ನೋಡಲಾರದೆ ಕಾವೇರಿಯ ಮುಖ ನೋಡಿದಳು. ಅಲ್ಲಿ ಸಂತೋಷ ಕಾಣುತ್ತದೆಂದು, ಕಡೆಗೆ ಅಳುವಾದರೂ ಕಾಣುತ್ತದೆಂದು ಆಸೆಪಟ್ಟಿದ್ದಳೋ ಏನೋ.

“ಗೊತ್ತು ಮಿಸ್,” ಎಂದಳು ಕಾವೇರಿ. ಮೆಲ್ಲಗೇ ಅಂದದ್ದು, ಮೈಕು ಎತ್ತಿಕೊಂಡಿತು. “ಅವತ್ತು ಕಾಲ್ಮುಟ್ದಾಗ್ಲೇ ನೀವು ಹೇಳ್ತೀರ ಅಂದ್ಕೊಂಡಿದ್ದೆ.”

ಮಣಿಕಟ್ಟನ್ನು ಮೆಲ್ಲನೆ ಬಿಡಿಸಿಕೊಂಡಳು. ನಮಸ್ಕಾರವನ್ನು ಪೂರ್ತಿ ಮಾಡಲಿಲ್ಲ, ಹಾಗೇ ನೆಟ್ಟಗೆ ನಿಂತಳು. ರಮಾಮಣಿ ಅವಸರದಲ್ಲಿ ಹಾಳೆ ಎಳೆದುಕೊಂಡು ಮೊದಲ ಸಾಲಿನಲ್ಲಿ ಕಾವೇರಿ ಎಂದು ಬರೆದಳು. ಅಕ್ಷರ ಸೊಟ್ಟಗಾಯಿತು. “ಸಿಂಗಾಪುರಕ್ಕೆ ನೀನೇ ಪುಟ್ಟಿ, ನೀನೇ ನಡುವೆ” ಎಂದು ಹಾಳೆ ಎತ್ತಿ ತೋರಿಸಿದಳು. ವಿಭಾ ಆಗಲೇ ನಡುವಿನ ಜಾಗದಿಂದ ಪಕ್ಕಕ್ಕೆ ಸರಿದಿದ್ದಳು. ಕಾವೇರಿ ಹಾಳೆಯನ್ನೂ ನೋಡಲಿಲ್ಲ, ಆ ಜಾಗವನ್ನೂ ನೋಡಲಿಲ್ಲ. ಬಂದ ದಾರಿಯಲ್ಲೇ ಹೋಗಿ ಮೂರನೇ ಸಾಲಿನ ತುದಿಯಲ್ಲಿ ನಿಂತು, ಸೊಂಟದ ದಾವಣಿ ಬಿಗಿ ಮಾಡಿಕೊಂಡು ಅರೆಮಂಡಿಗೆ ಇಳಿದಳು.

“ಅದೆಲ್ಲ ಆಮೇಲೆ ಮಿಸ್,” ಎಂದಳು ಅಲ್ಲಿಂದಲೇ, ಎಲ್ಲರಿಗೂ ಕೇಳುವಂತೆ. “ಈಗ ಮೊದಲಿಂದ ಹೇಳಿ. ಮೂರು ಸಲ.”

ರಮಾಮಣಿ ತಾಳ ಎತ್ತಿಕೊಂಡಳು.